ನಾನು ಅಳೆದದ್ದು ಲಿವರನ್ನೋ, ವಯಸ್ಸನ್ನೋ?

ನಾನು ಆಂಟಿಬಾಡಿಯ ಸಕ್ಕರೆ ನೋಡುತ್ತೇನೆ ಅಂದರೆ ಅಮ್ಮನ ಲೆಕ್ಕದಲ್ಲಿ ಅದು ಶುಗರ್ ಟೆಸ್ಟ್. ಅದಲ್ಲ ಇದು. ಐಜಿಜಿ ಅನ್ನುವುದು ರಕ್ತದಲ್ಲಿರುವ, ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಆಂಟಿಬಾಡಿ. ಅದರ ಎರಡು ಉದ್ದ ಎಳೆಗಳಲ್ಲೂ 297ನೇ ಜಾಗದಲ್ಲಿ ಸಕ್ಕರೆಯ ಒಂದು ಕವಲು ಅಂಟಿಕೊಂಡಿರುತ್ತದೆ. ಕವಲಿನ ತುದಿಗೆ ಎರಡು ಗ್ಯಾಲಕ್ಟೋಸ್ ಇರಬಹುದು, ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ಬೋಳು ತುದಿಯವು ಜಾಸ್ತಿಯಾದರೆ ಮೈಯಲ್ಲಿ ಎಲ್ಲೋ ಉರಿಯೂತ ಇರಬಹುದು. ರುಮಟಾಯ್ಡ್ ಸಂಧಿವಾತದವರಲ್ಲಿ ಇದು ಗೊತ್ತಾಗಿದ್ದು 1985ರಲ್ಲೇ. ಫ್ಯಾಟಿ ಲಿವರ್ ಇರುವವರಲ್ಲಿ ಯಾರದ್ದು ಬರೀ ಕೊಬ್ಬು, ಯಾರ ಲಿವರ್ ಉರಿದು ಗಟ್ಟಿಯಾಗುತ್ತಿದೆ ಅಂತ ಬಯಾಪ್ಸಿ ಸೂಜಿ ಇಲ್ಲದೆ ಹೇಳಬಹುದಾ? ನನ್ನ ಆಸೆ ಅಷ್ಟೇ.

ಪ್ಲಾಸ್ಮಾವನ್ನು, ಅಂದರೆ ರಕ್ತದ ದ್ರವಭಾಗವನ್ನು, ಐಜಿಜಿಗೆ ಅಂಟಿಕೊಳ್ಳುವ ಪ್ರೋಟೀನ್-ಜಿ ಇರುವ ಪ್ಲೇಟಿನಲ್ಲಿ ಇಳಿಸಿ ಐಜಿಜಿ ಹಿಡಿದೆ. ಪಿಎನ್‌ಜಿಯೇಸ್-ಎಫ್ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟೆ. ಅದು ಸಕ್ಕರೆಯನ್ನು ಕತ್ತರಿಸಿ ಬಿಡಿಸುತ್ತದೆ. ಆಮೇಲೆ ಹೊಳೆಯುವ ಬಣ್ಣ ಅಂಟಿಸಿ, ಸಕ್ಕರೆಗಳನ್ನು ಬೇರ್ಪಡಿಸುವ ಕಾಲಮ್ ಅನ್ನುವ ಕೊಳವೆಗೆ ಬಿಟ್ಟರೆ ಗ್ರಾಫಿನಲ್ಲಿ 24 ಪೀಕ್, ಅಂದರೆ ಶಿಖರಗಳು, ಬರಬೇಕು. ನನಗೆ ಬಂದದ್ದು ಶುರುವಿನಲ್ಲೇ ಒಂದು ದೊಡ್ಡ ದಿಬ್ಬ! ಉಳಿದ ಬಣ್ಣವನ್ನು ಸರಿಯಾಗಿ ತೊಳೆದಿರಲಿಲ್ಲ. ಚಿಕ್ಕ ಸಕ್ಕರೆಗಳು ಮೊದಲು ಹೊರಬರುತ್ತವೆ, ಬೋಳು ತುದಿಯವೂ ಅಲ್ಲೇ. ನನಗೆ ಬೇಕಾದದ್ದೇ ಮುಚ್ಚಿಹೋಗಿತ್ತು. ಎರಡು ವಾರ ಬರೀ ತೊಳೆಯುವುದನ್ನೇ ಕಲಿತೆ.

ಕೊನೆಗೆ ಪೀಕ್‌ಗಳು ಚೆಂದವಾಗಿ ಬಂದವು. ಫ್ಯಾಟಿ ಲಿವರ್ ರೋಗಿಗಳಲ್ಲಿ ಬೋಳು ತುದಿ ಜಾಸ್ತಿ, ಆರೋಗ್ಯವಂತರಲ್ಲಿ ಕಡಿಮೆ. ಕುಣಿದಾಡಿದೆ. ಗೈಡ್ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು: "ಇವರ ವಯಸ್ಸೆಷ್ಟಮ್ಮಾ?" ರೋಗಿಗಳು ಹೆಚ್ಚಾಗಿ ಐವತ್ತು ದಾಟಿದವರು. ಆರೋಗ್ಯವಂತರು ಅಂದರೆ ನಮ್ಮ ಲ್ಯಾಬಿನ ಹುಡುಗ ಹುಡುಗಿಯರು! ವಯಸ್ಸಾದಂತೆ ಗ್ಯಾಲಕ್ಟೋಸ್ ತಾನಾಗೇ ಕಡಿಮೆಯಾಗುತ್ತದೆ, ಹೆಂಗಸರಲ್ಲಿ ಮುಟ್ಟು ನಿಲ್ಲುವ ಹೊತ್ತಿಗೆ ಇನ್ನೂ ಜೋರಾಗಿ. ಸಾಲದ್ದಕ್ಕೆ ರೋಗಿಗಳನ್ನೆಲ್ಲ ಒಂದು ಪ್ಲೇಟಿನಲ್ಲಿ, ಉಳಿದವರನ್ನು ಇನ್ನೊಂದರಲ್ಲಿ ಹಾಕಿದ್ದೆ. ಆ ದಿನದ ಕಿಣ್ವದ ಏರುಪೇರೂ ರೋಗದ ಲೆಕ್ಕಕ್ಕೆ ಸೇರಿತ್ತು.

ಎಲ್ಲ ಮತ್ತೆ ಮಾಡಿದೆ. ಈ ಸಲ ಪ್ರತಿ ರೋಗಿಗೂ ಅದೇ ವಯಸ್ಸಿನ, ಅದೇ ಲಿಂಗದ ಜೋಡಿ. ಸ್ಯಾಂಪಲ್‌ಗಳನ್ನು ಕಲಸಿ ಹಂಚಿದೆ, ಪ್ಲೇಟುಗಳನ್ನು ಹೋಲಿಸಲು ಪ್ರತಿ ಪ್ಲೇಟಿನ ಕೆಲವು ಗುಳಿಗಳಲ್ಲಿ ಒಂದೇ ಪ್ಲಾಸ್ಮಾ ಇಟ್ಟೆ. ಸಂಧಿವಾತ ಇರುವವರನ್ನು ಬಿಟ್ಟೆ. ವ್ಯತ್ಯಾಸ ಕುಗ್ಗಿತು, ಪೂರ್ತಿ ಹೋಗಲಿಲ್ಲ.

ಆದರೂ ಇದನ್ನು ಲಿವರ್ ಟೆಸ್ಟ್ ಅನ್ನಲು ನನಗೆ ಧೈರ್ಯವಿಲ್ಲ. ಐಜಿಜಿಯನ್ನು ಮಾಡುವುದು ಲಿವರ್ ಅಲ್ಲ, ಬಿ-ಕೋಶಗಳಿಂದ ಬಂದ ಪ್ಲಾಸ್ಮಾ ಕೋಶಗಳು. ಬೆಂಕಿ ಯಾವ ಮನೆಯದ್ದು ಅಂತ ಹೊಗೆ ಹೇಳಲ್ಲ ಅಲ್ವಾ? ವಯಸ್ಸು, ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು, ಪ್ಲೇಟ್‌ಲೆಟ್ ಇಷ್ಟರಿಂದಲೇ ಲೆಕ್ಕ ಹಾಕುವ, ಲಿವರ್ ಎಷ್ಟು ಗಟ್ಟಿಯಾಗಿರಬಹುದು ಅಂತ ಅಂದಾಜು ಮಾಡುವ ಫಿಬ್-4 ಅಂಕ ಸುಮ್ನೆ ಮಾಮೂಲಿ ರಕ್ತಪರೀಕ್ಷೆಯಲ್ಲೇ ಸಿಗುತ್ತದೆ. ಅದಕ್ಕೆ ನನ್ನ 24 ಪೀಕ್ ಏನಾದರೂ ಹೊಸದನ್ನು ಸೇರಿಸುತ್ತವಾ? ಈಗ ಕೂತು ನೋಡುತ್ತಿರುವುದು ಅದನ್ನೇ.