ಪಿಯುಸಿ ಬದಲು ಅಮೆರಿಕದ ಹೈಸ್ಕೂಲ್: ತಯಾರಿ ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕೆಲವು ಮನೆಗಳಲ್ಲಿ ಈ ಮಾತು ಏಳುತ್ತದೆ: ಹೇಗಿದ್ದರೂ ಡಿಗ್ರಿಗೆ ಅಮೆರಿಕಕ್ಕೆ ಕಳಿಸುವುದಾದರೆ ಪಿಯುಸಿಯನ್ನೂ ಅಲ್ಲೇ ಓದಿಸಿಬಿಡೋಣವೇ? ಓದಿಸಬಹುದು. ಆದರೆ ಆ ವಾರ ಯೋಚಿಸಿದರೆ ತಡವಾಯಿತು. ಶರತ್ಕಾಲದ ಪ್ರವೇಶಕ್ಕೆ ಅಲ್ಲಿನ ಬಹುಪಾಲು ಬೋರ್ಡಿಂಗ್ ಶಾಲೆಗಳು ಜನವರಿ, ಫೆಬ್ರುವರಿಯಲ್ಲೇ ಅರ್ಜಿ ಮುಗಿಸುತ್ತವೆ. ಹುಡುಕಾಟ ಒಂಬತ್ತನೇ ತರಗತಿಯಲ್ಲೇ ಶುರುವಾಗಲಿ.

ಮೊದಲು ತೀರ್ಮಾನಿಸಬೇಕಾದ್ದು ಯಾವ ತರಗತಿಗೆ ಸೇರಿಸುವುದು ಎಂದು. 10 ಅಥವಾ 11 ಸರಿ. ನೇರ 12ಕ್ಕೆ ಸೇರಿಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಆಗಸ್ಟ್ ಕೊನೆಗೆ ಶಾಲೆ ಸೇರಿದ ಮಗು ನವೆಂಬರ್ 1ರ ಹೊತ್ತಿಗೆ ಕಾಲೇಜುಗಳ ಮೊದಲ ಸುತ್ತಿನ ಅರ್ಜಿ ಹಾಕಬೇಕು; ಸಾಮಾನ್ಯ ಸುತ್ತು ಜನವರಿ ಮೊದಲ ದಿನಗಳಲ್ಲಿ. ಅರ್ಜಿಯ ಜೊತೆ ಶಾಲೆಯ ಕೌನ್ಸೆಲರ್ ಮತ್ತು ಶಿಕ್ಷಕರ ಶಿಫಾರಸು ಪತ್ರ ಹೋಗುತ್ತದೆ. ಎರಡು ತಿಂಗಳ ಪರಿಚಯದಲ್ಲಿ ಅವರು ಏನು ತಾನೇ ಬರೆದಾರು? ಹೊಸ ಊರು, ಚಳಿ, ಊಟ, ಒಂಟಿತನ ಎಲ್ಲವೂ ಅದೇ ಎರಡು ತಿಂಗಳಲ್ಲೇ ಬರುತ್ತವೆ.

ಮುಂದಿನದು ಶಾಲೆಯ ಆಯ್ಕೆ. ‘ನ್ಯೂಜೆರ್ಸಿಯಲ್ಲಿ ದೊಡ್ಡಮ್ಮ ಇದ್ದಾರೆ, ಅವರ ಮನೆಯಲ್ಲಿದ್ದು ಪಕ್ಕದ ಸರ್ಕಾರಿ ಶಾಲೆಗೆ ಹೋಗಲಿ’ ಎನ್ನುವವರು ತಿಳಿದಿರಬೇಕು: ಎಫ್-1 ವೀಸಾದಲ್ಲಿ (ವಿದ್ಯಾರ್ಥಿಗಳಿಗೆ ಕೊಡುವ ವೀಸಾ) ಸರ್ಕಾರಿ ಹೈಸ್ಕೂಲಿನಲ್ಲಿ ಓದಲು ಅವಕಾಶ ಒಟ್ಟು 12 ತಿಂಗಳು ಮಾತ್ರ, ಅದೂ ಪೂರ್ತಿ ಖರ್ಚನ್ನು ಮೊದಲೇ ಕಟ್ಟಿ. ಪ್ರವಾಸಿ ವೀಸಾದಲ್ಲಿ ಶಾಲೆಗೆ ಸೇರುವಂತೆಯೇ ಇಲ್ಲ. ಹಾಗಾಗಿ ಎರಡು, ಮೂರು ವರ್ಷ ಓದಬೇಕಾದರೆ ಖಾಸಗಿ ಶಾಲೆಯೇ ಗತಿ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅದಕ್ಕೆ ಅಲ್ಲಿನ ಸರ್ಕಾರದ ಮಾನ್ಯತೆ ಇರಬೇಕು. ಶಾಲೆ ಐ-20 ಪತ್ರ (ವೀಸಾಕ್ಕೆ ಬೇಕಾದ ಪ್ರವೇಶದ ದಾಖಲೆ) ಕಳಿಸಿದ ಮೇಲೆ, ವಿದೇಶಿ ವಿದ್ಯಾರ್ಥಿಗಳ ಮಾಹಿತಿ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆಗೆ 350 ಡಾಲರ್ ಸೆವಿಸ್ ಶುಲ್ಕ ಕಟ್ಟಿ, ವೀಸಾ ಸಂದರ್ಶನಕ್ಕೆ ದಿನ ಗೊತ್ತುಮಾಡಿಕೊಳ್ಳಿ.

ಹಣದ ವಿಚಾರದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಕಡೆ ಇದೆ. ಅಲ್ಲೇ ಹೈಸ್ಕೂಲ್ ಮುಗಿಸಿದರೂ ಎಫ್-1 ವೀಸಾದಲ್ಲಿರುವ ನಿಮ್ಮ ಮಗು ಕಾಲೇಜಿನ ಕಣ್ಣಿಗೆ ವಿದೇಶಿ ವಿದ್ಯಾರ್ಥಿಯೇ. ಅಮೆರಿಕ ಸರ್ಕಾರದ ನೆರವು ಸಿಗುವುದಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕಡೆ ವಿದೇಶಿಯರ ಪ್ರವೇಶ ನಿರ್ಧರಿಸುವಾಗ ಕುಟುಂಬದ ಆರ್ಥಿಕ ಸ್ಥಿತಿ ನೋಡುವುದಿಲ್ಲ. ಅಲ್ಲಿ ಸೀಟು ಸಿಗುವುದು ಎಷ್ಟು ಕಷ್ಟವೆಂದು ಎಲ್ಲರಿಗೂ ಗೊತ್ತು. ಹೈಸ್ಕೂಲಿಗೇ ಉಳಿತಾಯವೆಲ್ಲ ಕರಗುವುದಾದರೆ ಕಳಿಸಬೇಡಿ. ಪುಣೆ ಸಮೀಪದ ಮಹೀಂದ್ರಾ ಯುನೈಟೆಡ್ ವರ್ಲ್ಡ್ ಕಾಲೇಜಿನಲ್ಲಿ ಪಿಯುಸಿಗೆ ಸಮನಾದ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್ ಐಬಿ ಓದಿ ಅಮೆರಿಕದ ಕಾಲೇಜು ಸೇರುವವರಿದ್ದಾರೆ. ಈ ಪುಣೆಯ ಕಾಲೇಜಿನಲ್ಲಿ ಅಗತ್ಯ ನೋಡಿ ವಿದ್ಯಾರ್ಥಿವೇತನವನ್ನೂ ಕೊಡುತ್ತಾರೆ.

ವಾಪಸು ಬರುವ ದಾರಿಯನ್ನೂ ತೆರೆದಿಡಿ. ನೀಟ್ ಬರೆಯುವ ಯೋಚನೆ ಇದ್ದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬಿಡದಂತೆ ವಿಷಯ ಆರಿಸಿಕೊಳ್ಳಲಿ. ಸಿಇಟಿಗೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕೆಂಬ ಷರತ್ತಿದೆ, ವರ್ಷಗಳನ್ನು ಈಗಲೇ ಲೆಕ್ಕ ಹಾಕಿ.

ಅಮೆರಿಕದಲ್ಲಿ ಹೈಸ್ಕೂಲ್ ಎಂದರೆ 9ರಿಂದ 12. ಕಾಲೇಜುಗಳು ನಾಲ್ಕೂ ವರ್ಷದ ಅಂಕ ಕೇಳುತ್ತವೆ, ನಾವು ಅಟ್ಟದ ಮೇಲೆ ಎಸೆಯುವ ಒಂಬತ್ತನೇ ತರಗತಿಯ ಅಂಕಪಟ್ಟಿ ಕೂಡ ಬೇಕು. ಅದು ಕನ್ನಡದಲ್ಲಿದ್ದರೆ ಇಂಗ್ಲಿಷ್ ಪ್ರತಿ ಮಾಡಿಸಿ, ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮೊದಲೇ ಮುಖ್ಯೋಪಾಧ್ಯಾಯರ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ.