15 ಜನಕ್ಕೆ ಟೀ, ಡಿಕಾಕ್ಷನ್ ಹಾಕಿ

ಮನೆಗೆ ಬರುವ 15 ಜನಕ್ಕೆ ಡಿಕಾಕ್ಷನ್ ಟೀ ಕೊಡುತ್ತೇನೆ ಅಂದಾಗ ಗೆಳತಿಯರು ಒಪ್ಪಲಿಲ್ಲ. ಡಿಕಾಕ್ಷನ್ ಏನಿದ್ದರೂ ಕಾಫಿಗೆ, ಟೀ ಹಾಲಿನಲ್ಲೇ ಕುದಿಯಬೇಕು ಅನ್ನೋದು ಅವರ ವಾದ. ಹೋದ ಭಾನುವಾರ ಅವರೇ ಎರಡನೇ ಲೋಟ ಕೇಳಿ ಕುಡಿದರು.

ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಕುದಿಸಿದರೆ ಮೊದಲ ಸುತ್ತು ಚೆನ್ನಾಗಿಯೇ ಇರುತ್ತದೆ. ತಡವಾಗಿ ಬಂದವರಿಗೆ ಮತ್ತೆ ಕಾಯಿಸಿದಾಗ ಬರೀ ಒಗರು, ಮೇಲೆ ಕೆನೆ. ಫ್ಲಾಸ್ಕಿನ ಟೀಗೆ ಬೇಗನೇ ಹಳಸಲು ವಾಸನೆ. ಒಮ್ಮೆ ಹೊರಗಿನಿಂದ ತರಿಸಿದೆ. ತಲೆಗೆ 150 ರೂಪಾಯಿ, ಎರಡು ಸಾವಿರಕ್ಕೂ ಜಾಸ್ತಿ ಹೋಯಿತು. ಬಂದ ಬಜ್ಜಿ ತಣ್ಣಗಿತ್ತು.

ಈಗ ದರ್ಶಿನಿ ಹೋಟೆಲಿನವರ ದಾರಿಯೇ ನನ್ನದು. ಒಂದೂಕಾಲು ಲೀಟರ್ ನೀರಿಗೆ ಜಜ್ಜಿದ ಶುಂಠಿ ಹಾಕಿ ಚೆನ್ನಾಗಿ ಕುದಿಸುತ್ತೇನೆ. ಶುಂಠಿ ನೀರಲ್ಲೇ ಬೇಯಬೇಕು, ಹಸಿಯಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಬಟ್ಟೆಯಲ್ಲಿ 80 ಗ್ರಾಂನಷ್ಟು ಡಸ್ಟ್ ಟೀಪುಡಿ ಇಟ್ಟು, ಆ ನೀರು ಸುರಿದು, ಐದು ನಿಮಿಷ ಮುಚ್ಚಿಡಬೇಕು. ಬಟ್ಟೆ ಹಿಂಡಬಾರದು, ಕಹಿ ಇಳಿಯುತ್ತದೆ. ಡಿಕಾಕ್ಷನ್ ಪಾತ್ರೆಯನ್ನು ಬಿಸಿನೀರಿನಲ್ಲಿ ಇಡುತ್ತೇನೆ. ಪಕ್ಕದ ಒಲೆಯಲ್ಲಿ ಸಣ್ಣ ಉರಿಗೆ ಎರಡು ಲೀಟರ್ ಗಟ್ಟಿ ಹಾಲು. ಲೋಟಕ್ಕೆ ಒಂದು ಪಾಲು ಡಿಕಾಕ್ಷನ್, ಎರಡು ಪಾಲು ಹಾಲು. ಯಾರು ಯಾವಾಗ ಬಂದರೂ ಅರ್ಧ ನಿಮಿಷದಲ್ಲಿ ಹೊಸ ಟೀ! ಡಸ್ಟ್ ಮಾತ್ರ ಅಸ್ಸಾಂ, ನೀಲಗಿರಿ ಎರಡನ್ನೂ ಬೆರೆಸುತ್ತೇನೆ. ಯಾವುದು ಎಷ್ಟು ಅನ್ನೋದು ನನ್ನಲ್ಲೇ ಇರಲಿ.

ಬೆಲ್ಲದ ಟೀಯನ್ನೂ ಇದರಲ್ಲೇ ಮಾಡಿ ನೋಡಿದೆ. ಬೆಲ್ಲ ಹಾಕಿ ಹಾಲು ಕುದಿಸಿದರೆ ಒಡೆಯುತ್ತದೆ, ಅಲ್ವಾ? ಡಿಕಾಕ್ಷನ್ನಿಗೆ ಬೆಲ್ಲ ಕರಗಿಸಿ ಹಾಲನ್ನು ಲೋಟದಲ್ಲೇ ಬೆರೆಸಿದೆ, ಒಡೆಯಲಿಲ್ಲ.

ಜೊತೆಗೆ ಗೋಳಿಬಜೆ. ಒಂದು ಕೆಜಿ ಮೈದಾವನ್ನು ಹುಳಿ ಮೊಸರಲ್ಲಿ ಬೆಳಗ್ಗೆಯೇ ಕಲಸಿಡುತ್ತೇನೆ. ಸೋಡಾ ಕೊನೆಗೆ. ಅರ್ಧ ಬೇಯಿಸಿಟ್ಟು ಆಮೇಲೆ ಮತ್ತೆ ಕರಿಯುವುದು ಸುಮ್ನೆ ದಂಡ, ಎಣ್ಣೆ ಕುಡಿದು ಗಟ್ಟಿಯಾಗುತ್ತವೆ. ಟೀ ಕೆಲಸ ಮೊದಲೇ ಮುಗಿದಿರುವುದರಿಂದ ಬಾಣಲೆ ಮುಂದೆ ನಿಲ್ಲಲು ಕೈ ಖಾಲಿ ಇರುತ್ತದೆ. ಆರು ಸಲ ಹಾಕಿದರೆ ತೊಂಬತ್ತರ ಹತ್ತಿರ ಬರುತ್ತವೆ.

ಎಣ್ಣೆ, ಗ್ಯಾಸ್ ಎಲ್ಲ ಸೇರಿ ಆರುನೂರರ ಆಸುಪಾಸು ಖರ್ಚು. ಮುಂದಿನ ತಿಂಗಳು 25 ಜನ ಬರುತ್ತಿದ್ದಾರೆ. ಅಷ್ಟು ಡಸ್ಟ್ ಹಿಡಿಯುವ ದೊಡ್ಡ ಬಟ್ಟೆ ಹೊಲಿಸಲು ಕೊಟ್ಟಿದ್ದೇನೆ.