ಟಿಕ್ ಚಾರ್ಟ್ ಬೇಕೇ, 5 ನಿಮಿಷದ ಚಾರ್ಟ್ ಸಾಕೇ? ಮೊದಲು ಡೇಟಾ ಫೀಡ್ ಪರೀಕ್ಷಿಸಿ

5 ನಿಮಿಷದ ಚಾರ್ಟ್‌ನಲ್ಲಿ ಕ್ಯಾಂಡಲ್ (ಬೆಲೆಯ ಏರಿಳಿತ ತೋರಿಸುವ ಕಡ್ಡಿ) ಮುಗಿಯುವುದು ಗಡಿಯಾರ ನೋಡಿಕೊಂಡು. ಟಿಕ್ ಚಾರ್ಟ್‌ನಲ್ಲಿ ಮುಗಿಯುವುದು ವಹಿವಾಟು ಎಣಿಸಿಕೊಂಡು: 500 ಟಿಕ್ ಚಾರ್ಟ್ ಎಂದರೆ 500 ವಹಿವಾಟು ಆದ ಮೇಲೆ ಹೊಸ ಕ್ಯಾಂಡಲ್. ಒಂದು ಟೈಮಿಗೆ ಹೊರಡುವ ಸರ್ಕಾರಿ ಬಸ್ಸು, ಇನ್ನೊಂದು ಸೀಟು ತುಂಬಿದ ಮೇಲೆ ಹೊರಡುವ ಮ್ಯಾಕ್ಸಿಕ್ಯಾಬ್. ಬೆಲೆ ಏರಿಳಿಯುವ ಕನಿಷ್ಠ ಅಂತರಕ್ಕೂ ಟಿಕ್ ಎನ್ನುವ ರೂಢಿ ಇದೆ, ಅದಕ್ಕೂ ಈ ಚಾರ್ಟ್‌ಗೂ ಸಂಬಂಧವಿಲ್ಲ.

ಟಿಕ್ ಚಾರ್ಟ್ ಬಗ್ಗೆ ಸಿಗುವ ಪಾಠಗಳಲ್ಲಿ ಹೆಚ್ಚಿನವು ಷಿಕಾಗೊದ ಸಿಎಂಇ ಎಕ್ಸ್‌ಚೇಂಜಿನ ಇ-ಮಿನಿ ಎಸ್ ಅಂಡ್ ಪಿ 500 ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಕಾಂಟ್ರ್ಯಾಕ್ಟ್) ನೋಡಿ ಬರೆದವು. ಅಲ್ಲಿ ಸಾಮಾನ್ಯ ಟ್ರೇಡರ್‌ಗೂ ಪ್ರತಿ ವಹಿವಾಟಿನ ಮಾಹಿತಿ ಸಿಗುತ್ತದೆ. ಅದೇ ಪಾಠವನ್ನು ನಿಫ್ಟಿ ಫ್ಯೂಚರ್ಸ್‌ಗೆ ಹಾಗೆಯೇ ತಂದು ಕೂರಿಸಿದರೆ ಕೆಲಸ ಕೆಡುತ್ತದೆ. ಯಾಕೆಂದರೆ ಎನ್‌ಎಸ್‌ಇಯ ಪ್ರತಿ ವಹಿವಾಟಿನ ಪೂರ್ಣ ಫೀಡ್ (ಎಕ್ಸ್‌ಚೇಂಜ್ ಬಿತ್ತರಿಸುವ ಡೇಟಾ) ನಮ್ಮ ಮನೆಯ ಲ್ಯಾಪ್‌ಟಾಪಿಗೆ ಬರುವುದಿಲ್ಲ. ಅದನ್ನು ಬಳಸುವವರು ಎಕ್ಸ್‌ಚೇಂಜಿನ ಕೊಲೊಕೇಶನ್‌ನಲ್ಲಿ, ಅಂದರೆ ಅದರದೇ ಡೇಟಾ ಕೇಂದ್ರದಲ್ಲಿ, ಸರ್ವರ್ ಇಟ್ಟುಕೊಂಡ ಸಂಸ್ಥೆಗಳು. ಬ್ರೋಕರ್ ಆ್ಯಪ್‌ಗೆ, ಡೇಟಾ ವೆಂಡರ್‌ನ ಸಾಫ್ಟ್‌ವೇರ್‌ಗೆ ಬರುವುದು ಸ್ನ್ಯಾಪ್‌ಶಾಟ್: ಸೆಕೆಂಡಿಗೆ ಒಂದು ಸಲವೋ ಕೆಲವು ಸಲವೋ ತೆಗೆದ ಚಿತ್ರ. ಆ ಒಂದು ಸೆಕೆಂಡಿನಲ್ಲಿ ನೂರು ವಹಿವಾಟು ನಡೆದಿದ್ದರೂ ನಿಮಗೆ ಕಾಣುವುದು ಕೊನೆಯದು ಮಾತ್ರ.

ಇದರ ಪರಿಣಾಮ ನೇರವಾದ ಲೆಕ್ಕ. ಸೆಕೆಂಡಿಗೆ ಒಂದು ಅಪ್‌ಡೇಟ್ ಬರುವ ಫೀಡ್‌ನಲ್ಲಿ 300 ಟಿಕ್ ಚಾರ್ಟ್ ಹಾಕಿದರೆ 300 ಸೆಕೆಂಡಿಗೆ ಒಂದು ಕ್ಯಾಂಡಲ್, ಅಂದರೆ 5 ನಿಮಿಷದ ಚಾರ್ಟೇ. ಹೆಸರು ಟಿಕ್, ಒಳಗೆ ಗಡಿಯಾರ. ಪೇಟೆ ಜೋರಾದಾಗ ಕ್ಯಾಂಡಲ್ ಬೇಗ ಮುಗಿಯಬೇಕು, ಮಂದವಾದಾಗ ನಿಧಾನವಾಗಬೇಕು ಎಂಬ ಟಿಕ್ ಚಾರ್ಟ್‌ನ ಗುಣವೇ ಅಲ್ಲಿ ಉಳಿದಿರುವುದಿಲ್ಲ.

ಫೀಡ್ ಪರೀಕ್ಷೆ ಹೀಗೆ

ಈ ತಿಂಗಳ ನಿಫ್ಟಿ ಫ್ಯೂಚರ್ಸ್ ತೆಗೆದುಕೊಳ್ಳಿ. ನಿಫ್ಟಿ 50 ಸ್ಪಾಟ್ ಬೇಡ. ಅದು ಷೇರುಗಳ ಬೆಲೆಯಿಂದ ಲೆಕ್ಕ ಹಾಕಿ ಬಿತ್ತರಿಸುವ ಸಂಖ್ಯೆ, ಅದರಲ್ಲಿ ವಹಿವಾಟೇ ನಡೆಯುವುದಿಲ್ಲ. ಹಾಗಾಗಿ ಸ್ಪಾಟ್ ಮೇಲೆ ಟಿಕ್ ಚಾರ್ಟ್ ಹಾಕುವುದಕ್ಕೆ ಅರ್ಥವಿಲ್ಲ.

ಬೆಳಿಗ್ಗೆ 9:15ರಿಂದ 9:25ರವರೆಗೆ, ಮತ್ತೆ ಮಧ್ಯಾಹ್ನ 12:45ರಿಂದ 12:55ರವರೆಗೆ ಬಂದ ಅಪ್‌ಡೇಟ್‌ಗಳನ್ನು ಫೈಲಿಗೆ ಬರೆಸಿಕೊಳ್ಳಿ. ಬ್ರೋಕರ್ ಎಪಿಐ (ನಿಮ್ಮ ಪ್ರೋಗ್ರಾಂ ನೇರವಾಗಿ ಡೇಟಾ ಪಡೆಯುವ ದಾರಿ) ಇದ್ದರೆ ಅದರಿಂದ, ಇಲ್ಲದಿದ್ದರೆ ಚಾರ್ಟ್ ಸಾಫ್ಟ್‌ವೇರ್‌ನ ಟಿಕ್ ಡೇಟಾ ಎಕ್ಸ್‌ಪೋರ್ಟ್‌ನಿಂದ. ಪ್ರತಿ ಸಾಲಿನಲ್ಲೂ ಸಮಯ, ಕೊನೆಯ ಬೆಲೆ, ಕೊನೆಯ ವಹಿವಾಟಿನ ಪ್ರಮಾಣ, ದಿನದ ಒಟ್ಟು ವಾಲ್ಯೂಮ್ (ಅಲ್ಲಿಯವರೆಗೆ ಕೈಬದಲಾದ ಪ್ರಮಾಣ) ಇರಲಿ. ಆಮೇಲೆ ಎರಡು ವಿಷಯ ನೋಡಿ. ಪೇಟೆ ತೆರೆದ ಹತ್ತು ನಿಮಿಷದಲ್ಲಿ ಬಂದ ಸಾಲುಗಳು ಮಧ್ಯಾಹ್ನದ ಹತ್ತು ನಿಮಿಷದ ಸಾಲುಗಳಿಗಿಂತ ಹಲವು ಪಟ್ಟು ಹೆಚ್ಚಿವೆಯೇ? ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಅದು ಸ್ನ್ಯಾಪ್‌ಶಾಟ್. ಇನ್ನೊಂದು, ಒಂದು ಸಾಲಿನಿಂದ ಮುಂದಿನ ಸಾಲಿಗೆ ಒಟ್ಟು ವಾಲ್ಯೂಮ್ ಎಷ್ಟು ಏರಿದೆಯೋ ಅದು ಕೊನೆಯ ವಹಿವಾಟಿನ ಪ್ರಮಾಣಕ್ಕೆ ಸಮನಾಗಿದೆಯೇ? ಏರಿಕೆ ದೊಡ್ಡದಿದ್ದರೆ ನಡುವಿನ ವಹಿವಾಟುಗಳು ನಿಮ್ಮ ಕೈಗೆ ಬಂದಿಲ್ಲ ಎಂದೇ ಅರ್ಥ.

ಈ ಎರಡನೇ ಪರೀಕ್ಷೆಯಲ್ಲೇ ಪರಿಹಾರವೂ ಇದೆ. ಸ್ನ್ಯಾಪ್‌ಶಾಟ್‌ನಲ್ಲಿ ವಹಿವಾಟುಗಳ ಎಣಿಕೆ ತಪ್ಪಿದರೂ ದಿನದ ಒಟ್ಟು ವಾಲ್ಯೂಮ್ ತಪ್ಪುವುದಿಲ್ಲ. ಆದ್ದರಿಂದ ಚಟುವಟಿಕೆಗೆ ತಕ್ಕಂತೆ ಬದಲಾಗುವ ಚಾರ್ಟ್ ನಿಮಗೆ ನಿಜಕ್ಕೂ ಬೇಕಿದ್ದರೆ, ಎನ್‌ಎಸ್‌ಇಯಲ್ಲಿ ಟಿಕ್ ಚಾರ್ಟ್‌ಗಿಂತ ವಾಲ್ಯೂಮ್ ಚಾರ್ಟ್ ನಂಬಿಕೆಗೆ ಯೋಗ್ಯ. ಇಷ್ಟು ಪ್ರಮಾಣ ಕೈಬದಲಾದ ಮೇಲೆ ಒಂದು ಕ್ಯಾಂಡಲ್, ಅಷ್ಟೇ. ನಿಜವಾದ ಟಿಕ್ ಚಾರ್ಟ್‌ಗೂ ಇಲ್ಲದ ಒಂದು ಅನುಕೂಲ ಇದರಲ್ಲಿದೆ: ಟಿಕ್ ಎಣಿಕೆಯಲ್ಲಿ ಒಂದು ಲಾಟ್‌ನ (ಫ್ಯೂಚರ್ಸ್ ಕೊಳ್ಳಬಹುದಾದ ಕನಿಷ್ಠ ಕಟ್ಟು) ವಹಿವಾಟಿಗೂ ನೂರು ಲಾಟ್‌ನ ವಹಿವಾಟಿಗೂ ಒಂದೇ ಅಂಕ. ದೊಡ್ಡ ಆರ್ಡರನ್ನು ಚೂರು ಚೂರು ಮಾಡಿ ಹಾಕುವ ಆಲ್ಗೊಗಳಿಂದ (ತಾನಾಗಿ ಆರ್ಡರ್ ಹಾಕುವ ಪ್ರೋಗ್ರಾಂಗಳಿಂದ) ಆ ಎಣಿಕೆ ಸುಮ್ಮನೆ ಉಬ್ಬುತ್ತದೆ.

ಕ್ಯಾಂಡಲ್ ಗಾತ್ರ ಎಷ್ಟಿರಬೇಕು

ಎನ್‌ಎಸ್‌ಇ ಷೇರು ಪೇಟೆಯ ದಿನ 9:15ರಿಂದ 15:30ರವರೆಗೆ, 375 ನಿಮಿಷ. 3 ನಿಮಿಷಕ್ಕೆ 125 ಕ್ಯಾಂಡಲ್, 5 ನಿಮಿಷಕ್ಕೆ 75, 15 ನಿಮಿಷಕ್ಕೆ 25. ಇವೆಲ್ಲ 375ನ್ನು ಶೇಷವಿಲ್ಲದೆ ಭಾಗಿಸುತ್ತವೆ. 30 ಅಥವಾ 60 ನಿಮಿಷ ಇಟ್ಟರೆ ದಿನದ ಕೊನೆಯ ಕ್ಯಾಂಡಲ್ 15 ನಿಮಿಷದ್ದೇ ಆಗಿರುತ್ತದೆ, ಅದನ್ನು ಉಳಿದವುಗಳ ಜೊತೆ ಹೋಲಿಸಿ ನಿರ್ಧಾರ ಮಾಡಬಾರದು.

ವಾಲ್ಯೂಮ್ ಚಾರ್ಟ್‌ಗೆ ಸಂಖ್ಯೆ ಆರಿಸುವಾಗ ಯಾರೋ ಹೇಳಿದ ಮಾಂತ್ರಿಕ ಅಂಕಿ ಬೇಡ. ಹಿಂದಿನ 10 ದಿನಗಳ ಸರಾಸರಿ ವಾಲ್ಯೂಮ್ ತೆಗೆದು, ದಿನಕ್ಕೆ ನಿಮಗೆ ಎಷ್ಟು ಕ್ಯಾಂಡಲ್ ಬೇಕೋ ಅದರಿಂದ ಭಾಗಿಸಿ. ಉದಾಹರಣೆಗೆ, ಸರಾಸರಿ 60 ಲಕ್ಷ ಬಂತು, 5 ನಿಮಿಷದಷ್ಟೇ 75 ಕ್ಯಾಂಡಲ್ ಬೇಕು ಎಂದಾದರೆ ಒಂದಕ್ಕೆ 80,000. ಸಾಫ್ಟ್‌ವೇರ್ ವಾಲ್ಯೂಮನ್ನು ಲಾಟ್‌ನಲ್ಲಿ ತೋರಿಸುತ್ತದೆಯೋ ಪ್ರಮಾಣದಲ್ಲಿ ತೋರಿಸುತ್ತದೆಯೋ ನೋಡಿಕೊಳ್ಳಿ. ಇದನ್ನು ನೋಡದಿದ್ದರೆ ದಿನವಿಡೀ ಒಂದೇ ಕ್ಯಾಂಡಲ್ ಬರಬಹುದು, ಅಥವಾ ಸಾವಿರಾರು ಬರಬಹುದು. ಈ ಸಂಖ್ಯೆಯನ್ನು ವಾರಕ್ಕೊಮ್ಮೆ ಬದಲಿಸಿದರೆ ಸಾಕು. ದಿನದ ಮಧ್ಯೆ ಮುಟ್ಟಬೇಡಿ. ತಿಂಗಳ ಎಕ್ಸ್‌ಪೈರಿ (ಕಾಂಟ್ರ್ಯಾಕ್ಟ್ ಮುಗಿಯುವ ದಿನ) ಹತ್ತಿರವಾದಾಗ ವಹಿವಾಟು ಮುಂದಿನ ತಿಂಗಳ ಕಾಂಟ್ರ್ಯಾಕ್ಟ್‌ಗೆ ಸರಿಯುತ್ತದೆ, ಹಳೆಯದರಲ್ಲಿ ಕ್ಯಾಂಡಲ್ ಬರುವುದೇ ನಿಧಾನವಾಗುತ್ತದೆ. ಆಗ ಚಾರ್ಟನ್ನೂ ಹೊಸ ಕಾಂಟ್ರ್ಯಾಕ್ಟ್‌ಗೆ ಬದಲಿಸಬೇಕು.

ಆಮಿಬ್ರೋಕರ್ ಎಂಬ ಚಾರ್ಟ್ ಸಾಫ್ಟ್‌ವೇರ್ ಬಳಸುವವರು ಡೇಟಾಬೇಸ್‌ನ ಬೇಸ್ ಟೈಮ್ ಇಂಟರ್ವಲ್ (ಡೇಟಾ ಉಳಿಸುವ ಅತಿ ಸಣ್ಣ ಅಂತರ) ಟಿಕ್ ಎಂದಿದೆಯೇ ನೋಡಬೇಕು. 1 ನಿಮಿಷ ಎಂದಿದ್ದರೆ ಅದಕ್ಕಿಂತ ಸಣ್ಣ ವಿವರ ಉಳಿಯುವುದೇ ಇಲ್ಲ. ಯಾವ ಸಾಫ್ಟ್‌ವೇರ್ ಆದರೂ ಹೊಸ ದಿನಕ್ಕೆ ಹೊಸ ಕ್ಯಾಂಡಲ್ ಶುರುವಾಗುವಂತೆ ಸೆಟ್ಟಿಂಗ್ ಇರಲಿ. ಇಲ್ಲದಿದ್ದರೆ ನಿನ್ನೆ 15:29ರ ಅರ್ಧ ಕ್ಯಾಂಡಲ್‌ಗೆ ಇವತ್ತಿನ ಗ್ಯಾಪ್ (ನಿನ್ನೆಯ ಕೊನೆಗೂ ಇವತ್ತಿನ ಆರಂಭಕ್ಕೂ ನಡುವಿನ ಬೆಲೆ ಅಂತರ) ಅಂಟಿಕೊಂಡು, ನಡೆಯದೇ ಇದ್ದ ದೊಡ್ಡ ಕ್ಯಾಂಡಲ್ ಒಂದು ಚಾರ್ಟ್ ಮೇಲೆ ನಿಲ್ಲುತ್ತದೆ.

ಎಲ್ಲಿ ಯಾವುದು

ನಿಫ್ಟಿ, ಬ್ಯಾಂಕ್ ನಿಫ್ಟಿ ಫ್ಯೂಚರ್ಸ್ ಇಂಟ್ರಾಡೇ (ಅದೇ ದಿನ ಕೊಂಡು ಮಾರುವುದು) ಮಾಡುವವರಿಗೆ 5 ನಿಮಿಷವೇ ಮುಖ್ಯ ಚಾರ್ಟ್ ಆಗಿರಲಿ, ದಿಕ್ಕು ನೋಡಲು 15 ನಿಮಿಷ. ಹಳೆಯ ಪದ್ಧತಿ ಎಂದು ಹೀಗೆ ಹೇಳುತ್ತಿಲ್ಲ. 9:15ರಿಂದ 9:30ರ ಹೈ ಮತ್ತು ಲೋ ಗಡಿಯಾರದಿಂದ ಹುಟ್ಟಿದ ಮಟ್ಟಗಳು, ಸಾವಿರಾರು ಜನ ಅವನ್ನೇ ನೋಡುತ್ತಾರೆ, ಅಲ್ಲೇ ಆರ್ಡರ್ ಇಡುತ್ತಾರೆ. ಓಪನಿಂಗ್ ರೇಂಜ್ ಬ್ರೇಕೌಟ್ (ಬೆಲೆ ಆ ಹೈ ಅಥವಾ ಲೋ ದಾಟಿದಾಗ ಟ್ರೇಡ್ ಮಾಡುವುದು) ಆಡುವವರು ಟಿಕ್ ಅಥವಾ ವಾಲ್ಯೂಮ್ ಚಾರ್ಟ್‌ನಲ್ಲಿ ಆ ಮಟ್ಟವನ್ನು ಹುಡುಕಿ ಗೆರೆ ಎಳೆಯಬೇಕಾಗುತ್ತದೆ.

ಸಮಯದ ಚಾರ್ಟ್‌ನ ದೌರ್ಬಲ್ಯ ಮಧ್ಯಾಹ್ನ. ಸುಮಾರು 12ರಿಂದ 1:30ರವರೆಗೆ ವಹಿವಾಟು ಬತ್ತಿದರೂ ಗಡಿಯಾರ ಕ್ಯಾಂಡಲ್ ಹಾಕುತ್ತಲೇ ಇರುತ್ತದೆ. ಆ ಸಣ್ಣ ಕ್ಯಾಂಡಲ್‌ಗಳಲ್ಲಿ ಮೂವಿಂಗ್ ಆವರೇಜ್‌ಗಳು (ಹಿಂದಿನ ಕೆಲವು ಕ್ಯಾಂಡಲ್‌ಗಳ ಸರಾಸರಿ ಬೆಲೆಯ ಗೆರೆಗಳು) ಸುಮ್ಮನೆ ಒಂದನ್ನೊಂದು ದಾಟುತ್ತವೆ, ಅದನ್ನು ನಂಬಿ ಕೊಂಡವರು ನಷ್ಟ ಉಣ್ಣುತ್ತಾರೆ. ನಿಮ್ಮ ಸ್ಟಾಪ್‌ಲಾಸ್‌ಗಳಲ್ಲಿ (ನಷ್ಟ ಮಿತಿಗೊಳಿಸಲು ಇಟ್ಟ ಆರ್ಡರ್‌ಗಳಲ್ಲಿ) ಹೆಚ್ಚಿನವು ಈ ಹೊತ್ತಿನಲ್ಲೇ ಹೊಡೆಯುತ್ತಿದ್ದರೆ ವಾಲ್ಯೂಮ್ ಚಾರ್ಟ್ ಪಕ್ಕದಲ್ಲಿಟ್ಟು ನೋಡಿ, ಅಲ್ಲಿ ಆ ಒಂದೂವರೆ ಗಂಟೆ ಕೆಲವೇ ಕ್ಯಾಂಡಲ್‌ಗಳಿಗೆ ಕುಗ್ಗುತ್ತದೆ.

ಎಂಸಿಎಕ್ಸ್ (ಸರಕು ವಿನಿಮಯ ಕೇಂದ್ರ) ಕಚ್ಚಾ ತೈಲದ ಕಥೆ ಬೇರೆ, ವಾಲ್ಯೂಮ್ ಚಾರ್ಟ್ ಹೆಚ್ಚು ಸಲ್ಲುವ ಜಾಗ ಇದೇ. ಪೇಟೆ ಬೆಳಿಗ್ಗೆ 9ರಿಂದ ರಾತ್ರಿ 11:30ರವರೆಗೆ, ಅಮೆರಿಕದ ಚಳಿಗಾಲದ ಸಮಯದಲ್ಲಿ 11:55ರವರೆಗೆ. 11:30ರ ಲೆಕ್ಕದಲ್ಲೇ 5 ನಿಮಿಷದ 174 ಕ್ಯಾಂಡಲ್. ಆದರೆ ಜೀವ ಬರುವುದು ಸಂಜೆ, ಅಮೆರಿಕ ಎದ್ದ ಮೇಲೆ. ಬೆಳಗಿನ ಮಂದ ಕ್ಯಾಂಡಲ್‌ಗಳೇ ಇಂಡಿಕೇಟರ್ (ಮೂವಿಂಗ್ ಆವರೇಜ್‌ನಂಥ ಲೆಕ್ಕ) ತುಂಬಾ ಕೂತಿರುವಾಗ ಸಂಜೆಯ ಓಟ ಅದರಲ್ಲಿ ತಡವಾಗಿ ಕಾಣುತ್ತದೆ. ಸಾಮಾನ್ಯವಾಗಿ ಬುಧವಾರ ರಾತ್ರಿ 8ಕ್ಕೆ (ಚಳಿಗಾಲದಲ್ಲಿ 9ಕ್ಕೆ) ಅಮೆರಿಕದ ತೈಲ ದಾಸ್ತಾನಿನ ವರದಿ ಬರುವಾಗ ಮಾತ್ರ ಎಚ್ಚರ ಬೇಕು: ವಾಲ್ಯೂಮ್ ಚಾರ್ಟ್‌ನಲ್ಲಿ ಒಂದೇ ನಿಮಿಷಕ್ಕೆ ಹತ್ತಾರು ಕ್ಯಾಂಡಲ್ ಹರಿದುಹೋಗುತ್ತವೆ, ಕೈಯಿಂದ ಆರ್ಡರ್ ಹಾಕುವವರು ಹಿಂದೆ ಬೀಳುತ್ತಾರೆ. ಆರ್‌ಬಿಐ ನೀತಿ ಪ್ರಕಟಣೆಯ ಬೆಳಿಗ್ಗೆ 10 ಗಂಟೆಗೆ ಬ್ಯಾಂಕ್ ನಿಫ್ಟಿಯಲ್ಲೂ ಇದೇ ಕಥೆ. ಅಂಥ ಹೊತ್ತಿನಲ್ಲಿ ಮೊದಲ 15 ನಿಮಿಷ ಹೊರಗಿರುವುದು ಲೇಸು.

ಅಮೆರಿಕದಲ್ಲಿದ್ದು ಇ-ಮಿನಿ ಟ್ರೇಡ್ ಮಾಡುವ ಕನ್ನಡಿಗರಿಗೆ ನಿಜವಾದ ಟಿಕ್ ಚಾರ್ಟ್ ಸಿಗುತ್ತದೆ. ನಿಂಜಾಟ್ರೇಡರ್, ಸಿಯೆರಾ ಚಾರ್ಟ್ ಸಾಫ್ಟ್‌ವೇರ್ ಎರಡರಲ್ಲೂ ಇದೆ. ರಾತ್ರಿಯ ಮಂದ ಸೆಷನ್ ಕುಗ್ಗಿ, ನ್ಯೂಯಾರ್ಕ್‌ನ 9:30ರ ನಂತರದ ಚಲನೆ ಬಿಡಿಸಿ ಕಾಣುವುದು ಅಲ್ಲಿ ದೊಡ್ಡ ಲಾಭ. ಭಾರತದಲ್ಲಿ ವಾಸಿಸುವವರು ವಿದೇಶಿ ಎಕ್ಸ್‌ಚೇಂಜಿಗೆ ಮಾರ್ಜಿನ್ (ಟ್ರೇಡ್‌ಗೆ ಇಡಬೇಕಾದ ಠೇವಣಿ) ಹಣ ಕಳಿಸಲು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮದಲ್ಲಿ ಅವಕಾಶವಿಲ್ಲ, ಆದ್ದರಿಂದ ಆ ದಾರಿ ಇಲ್ಲಿಂದ ಹಿಡಿಯಬೇಡಿ.

ಬದಲಿಸಿದ ಮೇಲೆ ಕೆಡುವುದು

ಇಂಡಿಕೇಟರ್‌ಗಳನ್ನು ಹಳೆಯ ಅಂಕಿಯಲ್ಲೇ ಬಿಡುವುದು ಸಾಮಾನ್ಯ ತಪ್ಪು. 5 ನಿಮಿಷದ ಚಾರ್ಟ್‌ನಲ್ಲಿ 20ರ ಮೂವಿಂಗ್ ಆವರೇಜ್ 100 ನಿಮಿಷ ಹಿಂದಕ್ಕೆ ನೋಡುತ್ತದೆ. ವಾಲ್ಯೂಮ್ ಚಾರ್ಟ್‌ನಲ್ಲಿ ಅದೇ 20 ಬೆಳಿಗ್ಗೆ ಅರ್ಧ ಗಂಟೆಯೂ ಆಗಬಹುದು, ಮಧ್ಯಾಹ್ನ ಮೂರು ಗಂಟೆಯೂ ಆಗಬಹುದು. ಸ್ಟಾಪ್‌ಲಾಸ್ ದೂರವನ್ನೂ ಹೊಸ ಚಾರ್ಟ್‌ನ ಕ್ಯಾಂಡಲ್‌ಗಳ ಸರಾಸರಿ ಎತ್ತರ ನೋಡಿ ಮತ್ತೆ ಲೆಕ್ಕ ಹಾಕಬೇಕು. ವಿವ್ಯಾಪ್ (ವಾಲ್ಯೂಮ್ ಲೆಕ್ಕಕ್ಕೆ ತೆಗೆದುಕೊಂಡ ಸರಾಸರಿ ಬೆಲೆ) ಮಾತ್ರ ಯಾವ ಚಾರ್ಟ್‌ನಲ್ಲೂ ಹೆಚ್ಚು ಬದಲಾಗದು, ಎರಡನ್ನೂ ಹೋಲಿಸುವಾಗ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಿ.

ಇಂಟರ್‌ನೆಟ್ ಎರಡು ನಿಮಿಷ ಹೋದರೆ ಆ ಅವಧಿಯ ಟಿಕ್‌ಗಳೂ ಹೋದವು. ಮರಳಿ ತುಂಬುವ ಡೇಟಾ ಹಲವು ಸಲ 1 ನಿಮಿಷದ್ದು, ಹಾಗಾಗಿ ಬೆಳಿಗ್ಗೆ ಲೈವ್ ನೋಡಿದ ಕ್ಯಾಂಡಲ್ ಸಂಜೆ ಚಾರ್ಟ್ ತೆರೆದಾಗ ಬೇರೆ ಆಕಾರದಲ್ಲಿರುತ್ತದೆ. ಇಂಥ ಚಾರ್ಟ್ ಮೇಲೆ ಮಾಡಿದ ಬ್ಯಾಕ್‌ಟೆಸ್ಟ್ (ಹಳೆಯ ಡೇಟಾ ಮೇಲಿನ ಪರೀಕ್ಷೆ) ನಂಬಿ ಹಣ ಹಾಕಬೇಡಿ. ಲೈವ್ ಡೇಟಾವನ್ನು ನೀವೇ ಸಂಗ್ರಹಿಸಿಟ್ಟು ಅದರ ಮೇಲೆ ಪರೀಕ್ಷಿಸಿ.

ಸಣ್ಣ ಕ್ಯಾಂಡಲ್ ಹೆಚ್ಚು ಸಿಗ್ನಲ್ ಕೊಡುತ್ತದೆ, ಹೆಚ್ಚು ಸಿಗ್ನಲ್ ಎಂದರೆ ಹೆಚ್ಚು ಬ್ರೋಕರೇಜ್, ಎಸ್‌ಟಿಟಿ (ವಹಿವಾಟಿನ ಮೇಲಿನ ತೆರಿಗೆ), ಸ್ಲಿಪೇಜ್ (ಬಯಸಿದ ಬೆಲೆಗೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸ). 2024ರ ಸೆಪ್ಟೆಂಬರ್‌ನಲ್ಲಿ ಷೇರು ಪೇಟೆ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದಂತೆ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಆದ್ದರಿಂದ ಚಾರ್ಟ್ ಬದಲಿಸುವ ಮುನ್ನ ಒಂದೇ ನಿಯಮವನ್ನು ಎರಡೂ ಚಾರ್ಟ್‌ನಲ್ಲಿ 20 ವಹಿವಾಟು ದಿನ ಕಾಗದದ ಮೇಲೆ ನಡೆಸಿ. ಪ್ರತಿ ಟ್ರೇಡ್‌ಗೂ ಹೊಕ್ಕ ಸಮಯ, ಸ್ಟಾಪ್‌ಲಾಸ್ ದೂರ, ಖರ್ಚು ಕಳೆದ ಫಲಿತಾಂಶ ಬರೆದಿಡಿ. ಖರ್ಚು ಕಳೆದ ಮೇಲೂ ವಾಲ್ಯೂಮ್ ಅಥವಾ ಟಿಕ್ ಚಾರ್ಟ್ ಮುಂದಿದ್ದರೆ ಮೊದಲ ತಿಂಗಳು ಒಂದು ಲಾಟ್‌ನಲ್ಲಷ್ಟೇ ಶುರುಮಾಡಿ. ಎರಡೂ ಸರಿಸಮ ಬಂದರೆ 5 ನಿಮಿಷದಲ್ಲೇ ಇರಿ.